ಹಾಡುಗಾರರನ್ನು ಬಿಟ್ಟೆ, ಡ್ರಮ್ಮರ್‌ಗಳ ಬೆನ್ನು ಹತ್ತಿದೆ: ಫಂಕ್ ಹುಡುಕಿದ ನನ್ನ ಅನುಭವ

ಹಳೆಯ ಫಂಕ್ (ಅರವತ್ತು-ಎಪ್ಪತ್ತರ ದಶಕದ ಅಮೆರಿಕದ ಕಪ್ಪು ಜನರ ಕುಣಿಸುವ ಸಂಗೀತ) ಹುಡುಕೋಕೆ ಹಾಡುವವರ ಹೆಸರು ಬೇಡ, ಡ್ರಮ್ಸ್ ಮತ್ತು ಬೇಸ್ (ತಗ್ಗು ಸ್ವರದ ಗಿಟಾರ್) ಯಾರದು ಅಂತ ನೋಡಿದರೆ ಸಾಕು ಎಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಅದೆಲ್ಲ ನುಡಿಸೋರಿಗೆ, ನಮ್ಮಂಥ ಕೇಳೋರಿಗಲ್ಲ" ಅಂದರು. ಈಗ ಅವರೇ ನನ್ನ ಹತ್ತಿರ ಪಟ್ಟಿ ಕೇಳುತ್ತಾರೆ.

ಉಳಿದ ದಾರಿಗಳನ್ನೆಲ್ಲ ನೋಡಿಯೇ ಇಲ್ಲಿಗೆ ಬಂದದ್ದು. 'ಟಾಪ್ 100' ಪಟ್ಟಿ ಹಿಡಿದರೆ ಹತ್ತು ಹಾಡು ಆಗುವಷ್ಟರಲ್ಲಿ ಡಿಸ್ಕೋ ಶುರು. ಹಾಡು ಕೇಳುವ ಆ್ಯಪ್ ಕೂಡ ಅಷ್ಟೇ. ಕೂಲ್ ಆ್ಯಂಡ್ ದ ಗ್ಯಾಂಗ್ ಅಂತ ಹಾಕಿದರೆ ಅದು ನನ್ನನ್ನು 1980ರ 'ಸೆಲೆಬ್ರೇಷನ್' ಕಡೆಗೇ ಎಳೆಯುತ್ತಿತ್ತು. 1973ರ 'ಜಂಗಲ್ ಬೂಗಿ' ಕಾಲದ ಆ ಒರಟು ಬ್ಯಾಂಡ್ ಕಣ್ಣಿಗೇ ಬೀಳುತ್ತಿರಲಿಲ್ಲ. ಪಟ್ಟಿ ನಂಬಿ ಹೊರದೇಶದಿಂದ ತರಿಸಿದ ಎಲ್‌ಪಿಗಳಿಗೆ (ಹಳೆಯ ಗ್ರಾಮಫೋನ್ ತಟ್ಟೆಗಳಿಗೆ) ಹೆಚ್ಚುಕಮ್ಮಿ ಇಪ್ಪತ್ತು ಸಾವಿರ ಹೋಯಿತು, ಕಸ್ಟಮ್ಸ್ ಬೇರೆ. ಒಂದು ಬಾಗಿ ಬಂತು, ಸೂಜಿ ನಿಲ್ಲಲೇ ಇಲ್ಲ. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ.

ದಾರಿ ತೆರೆದದ್ದು ಗಾಯಕ ಜೇಮ್ಸ್ ಬ್ರೌನ್ ಅವರ 1967ರ 'ಕೋಲ್ಡ್ ಸ್ವೆಟ್' ಹಾಡು. ಡ್ರಮ್ಸ್ ಕ್ಲೈಡ್ ಸ್ಟಬಲ್‌ಫೀಲ್ಡ್. ಬೇಸ್, ಗಿಟಾರ್, ಹಾರ್ನ್ (ಊದುವ ವಾದ್ಯ) ಎಲ್ಲ ಬೇರೆ ಬೇರೆ ಕಡೆ ಸುತ್ತಿ ಮೊದಲ ಏಟಿಗೆ ಬಂದು ಕೂಡುತ್ತವೆ, ನಮ್ಮ ತಾಳದಲ್ಲಿ ಸಮಕ್ಕೆ ಬಂದ ಹಾಗೆ. ಅದೊಂದು ಕಿವಿಗೆ ಹತ್ತಿತು ನೋಡಿ, ಆಮೇಲೆ ಆ ಬ್ಯಾಂಡಿನಲ್ಲಿದ್ದವರು ಮುಂದೆ ಎಲ್ಲೆಲ್ಲಿಗೆ ಹೋದರು ಅಂತ ಹುಡುಕುವುದೇ ಕೆಲಸವಾಯಿತು. ಬೂಟ್ಸಿ ಕಾಲಿನ್ಸ್ 1970ರಲ್ಲಿ ಬ್ರೌನ್ ಜೊತೆ ಸೇರಿ ಒಂದು ವರ್ಷದಷ್ಟು ಬೇಸ್ ನುಡಿಸಿದರು. ಅವರ ಹಿಂದೆ ಹೋದರೆ ಸಿಗೋದು ಜಾರ್ಜ್ ಕ್ಲಿಂಟನ್ ಅವರ ಎರಡು ಬ್ಯಾಂಡ್, ಫಂಕಡೆಲಿಕ್ ಮತ್ತು ಪಾರ್ಲಿಮೆಂಟ್. ಪಾರ್ಲಿಮೆಂಟ್‌ನ 1975ರ ಆಲ್ಬಂ 'ಮದರ್‌ಶಿಪ್ ಕನೆಕ್ಷನ್' ಹಾಕಿ ನೋಡಿ. ಬ್ರೌನ್ ಬಳಿ ಹಾರ್ನ್ ನುಡಿಸುತ್ತಿದ್ದ ಮೇಸಿಯೋ ಪಾರ್ಕರ್, ಫ್ರೆಡ್ ವೆಸ್ಲಿ ಕೂಡ ಅದರಲ್ಲಿದ್ದಾರೆ.

ನನಗೆ ಜಾಸ್ತಿ ಹೆಮ್ಮೆ ಇರೋದು ಗಾಯಕಿ ಬೆಟ್ಟಿ ಡೇವಿಸ್ ಸಿಕ್ಕಿದ್ದಕ್ಕೆ. ನಾನು ನೋಡಿದ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ಬ್ಯಾಂಡಿನ ಲ್ಯಾರಿ ಗ್ರಹಾಂ, ಹೆಬ್ಬೆರಳಿನಿಂದ ಬೇಸ್ ತಂತಿಗೆ ಹೊಡೆದು ನುಡಿಸೋರು, ಆ ಬ್ಯಾಂಡ್ ಬಿಟ್ಟಮೇಲೆ ಏನು ಮಾಡಿದರು ಅಂತ ಹುಡುಕುತ್ತಿದ್ದೆ. ಬೆಟ್ಟಿಯ 1973ರ ಮೊದಲ ಆಲ್ಬಂ ಎದುರಾಯಿತು. ಅದರಲ್ಲಿ ಬೇಸ್ ಗ್ರಹಾಂ ಅವರದೇ. ಆಲ್ಬಂ ಮಾಡಿಸಿದ ಗ್ರೆಗ್ ಎರಿಕೊ ಕೂಡ ಅದೇ ಬ್ಯಾಂಡಿನ ಡ್ರಮ್ಮರ್! ಆ ರಾತ್ರಿ ಅದನ್ನೇ ತಿರುತಿರುಗಿ ಕೇಳಿದೆ.

ಸುಮ್ನೆ ಒಮ್ಮೆ ಊರು ಹಿಡಿದೂ ನೋಡಿದೆ. ಒಹಾಯೋದ ಡೇಟನ್ ಊರೊಂದರಿಂದಲೇ ಒಹಾಯೋ ಪ್ಲೇಯರ್ಸ್, ಸ್ಲೇವ್, ಲೇಕ್‌ಸೈಡ್ ಸಿಕ್ಕವು. ನ್ಯೂ ಆರ್ಲಿಯನ್ಸ್‌ನಲ್ಲಿ ಇನ್ನೂ ಚೆಂದ. ದ ಮೀಟರ್ಸ್ ಬ್ಯಾಂಡಿನ ಡ್ರಮ್ಮರ್ ಜಿಗಬೂ ಮಾಡೆಲಿಸ್ಟ್ ಅವರ 1969ರ 'ಸಿಸ್ಸಿ ಸ್ಟ್ರಟ್' ಅನ್ನು ಹೆಡ್‌ಫೋನ್ ಹಾಕಿ ಕೇಳಿ. ಏಟಿಗಿಂತ ನಡುವಿನ ಖಾಲಿ ಜಾಗವೇ ಕುಣಿಸುತ್ತೆ. ಅದೇ ಊರಿನ ಗಾಯಕ ಡಾ. ಜಾನ್ ಅವರ 1973ರ 'ಇನ್ ದ ರೈಟ್ ಪ್ಲೇಸ್' ಆಲ್ಬಂನಲ್ಲಿ ಹಿಂದೆ ನುಡಿಸಿದ್ದೂ ಈ ಮೀಟರ್ಸೇ.

ನುಡಿಸಿದವರ ಹೆಸರು ಕವರ್ ಮೇಲೆ ಇಲ್ಲದಿದ್ದರೆ ಎಲ್ಲಿಂದ ತೆಗೆಯುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಈಗ ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಯ ಆ್ಯಪ್ ಸಾಕು. ಪೂರ್ತಿ ಕೇಳಿ ಹಿಡಿಸಿದರೆ ಮಾತ್ರ ಎಲ್‌ಪಿ. ಸದ್ಯ ಓಕ್‌ಲ್ಯಾಂಡ್‌ನ ಟವರ್ ಆಫ್ ಪವರ್ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವಿಡ್ ಗ್ಯಾರಿಬಾಲ್ಡಿ ಹಿಂದೆ ಬಿದ್ದಿದ್ದೇನೆ.