ಖೋ ಅಂದರೆ ಓಡು: ಥ್ರೋಬಾಲ್ ಹುಡುಗಿಯರ ಕ್ರಿಕೆಟ್ ಟೀಮು ಕಟ್ಟಿದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾವು ಕಪ್ ಗೆಲ್ಲಲಿಲ್ಲ. ಮೈಸೂರಲ್ಲಿ ಸೆಮಿಫೈನಲ್ ಸೋತು, ರಾತ್ರಿ ಬಸ್ಸಿಗೆ ಮಂಡ್ಯಕ್ಕೆ ವಾಪಸ್ ಬಂದೆವು. ಆದರೆ ಗುಂಪಿನ ಪಟ್ಟಿಯಲ್ಲಿ ಮೊದಲ ಸ್ಥಾನ ನಮ್ಮದೇ. ನಮ್ಮ ಕೆಳಗಿದ್ದ ಮೂರು ಟೀಮುಗಳಲ್ಲಿ ಎರಡಕ್ಕೆ ಟರ್ಫ್ ವಿಕೆಟ್ ಇದೆ, ಬೌಲಿಂಗ್ ಮೆಷಿನ್ ಇದೆ. ನಮ್ಮ ಹತ್ತಿರ ಇದ್ದದ್ದು ಪಿಚ್ ಮೇಲೆ ಹಾಸಲು ದಬ್ಬಳದಲ್ಲಿ ಹೊಲಿದ ಒಂದು ಹಳೇ ಮ್ಯಾಟು, ನಾಲ್ಕು ಜೊತೆ ಪ್ಯಾಡು, ಎರಡು ವರ್ಷದ ಹಿಂದೆ ಬ್ಯಾಟನ್ನೇ ಮುಟ್ಟದಿದ್ದ ಹುಡುಗಿಯರು. ‘ಥ್ರೋಬಾಲ್ ಆಡೋರ ಕೈಗೆ ಬ್ಯಾಟ್ ಕೊಟ್ರೆ ಕ್ರಿಕೆಟ್ ಆಗ್ಬಿಡ್ತದಾ ಮೇಷ್ಟ್ರೇ?’ ಅಂತ ನಕ್ಕ ಬೇರೆ ಟೀಮಿನವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಐಡಿಯಾ ನನ್ನದಲ್ಲ, ಥಾಯ್ಲೆಂಡಿನದು. ಅಲ್ಲಿ ಗಲ್ಲಿ ಕ್ರಿಕೆಟ್ ಇಲ್ಲ, ಅಪ್ಪ ಅಣ್ಣಂದಿರು ಆಡುವುದಿಲ್ಲ. ಅಂಥ ದೇಶದ ಹೆಂಗಸರ ತಂಡ 2019ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಕ್ವಾಲಿಫೈಯರ್ (ಅರ್ಹತಾ ಟೂರ್ನಿ) ದಾಟಿ 2020ರ ಟಿ20 ವಿಶ್ವಕಪ್ಪಿಗೆ ಹೋಯಿತು. ಅದಕ್ಕೂ ಮೊದಲು ಸತತ 17 ಅಂತರರಾಷ್ಟ್ರೀಯ ಟಿ20 ಗೆದ್ದಿತ್ತು. 2022ರ ಏಷ್ಯಾ ಕಪ್ಪಲ್ಲಿ ಪಾಕಿಸ್ತಾನವನ್ನೇ ಸೋಲಿಸಿತು. ಅವರು ಬೇರೆ ಆಟದವರನ್ನು, ಅದರಲ್ಲೂ ಸಾಫ್ಟ್‌ಬಾಲ್ ಆಡುತ್ತಿದ್ದವರನ್ನು ಕರೆತಂದು ತಂಡ ಕಟ್ಟಿದ್ದರು. ಸಾಫ್ಟ್‌ಬಾಲ್ ಆಡಿದವಳಿಗೆ ಹಿಡಿಯುವುದು, ಎಸೆಯುವುದು, ಓಡುವುದು ಮೊದಲೇ ಗೊತ್ತು. ಉಳಿದಿದ್ದನ್ನು ಕಲಿಸಿದರೆ ಆಯಿತು.

ನಮ್ಮ ಕಡೆ ಸಾಫ್ಟ್‌ಬಾಲ್ ಎಲ್ಲಿಂದ ಬರಬೇಕು? ಆದರೆ ಥ್ರೋಬಾಲ್ ಇಲ್ಲದ ಹೈಸ್ಕೂಲು ಇದೆಯಾ? ಖೋ ಖೋ ಅಂತೂ ಕೇಳುವುದೇ ಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಕ್ರಿಕೆಟ್ ಕ್ಯಾಂಪಿಗೆ ಹುಡುಗಿಯರು ಬರುವುದಿಲ್ಲ ಅಂತ ಎಲ್ಲರೂ ಅಳುತ್ತಾರೆ. ನಾನು ಕ್ಯಾಂಪ್ ಬೋರ್ಡೇ ಹಾಕಲಿಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗಿ ಕೂತು, ಸೋತ ಟೀಮುಗಳಿಂದ ಆರಿಸಿದೆ. ಗೆದ್ದವರನ್ನು ಅವರ ಮೇಷ್ಟ್ರು ಬಿಡುವುದಿಲ್ಲ, ಇದು ನಿಮಗೂ ಗೊತ್ತು. ಆರು ಜನ ಥ್ರೋಬಾಲಿನವರು, ಐದು ಜನ ಖೋ ಖೋದವರು, ಮೇಲೆ ಮೂರು ಜನ ಕಬಡ್ಡಿ.

ಮೊದಲ ಮೂರು ತಿಂಗಳು ಪೂರ್ತಿ ದಂಡ. ಥ್ರೋಬಾಲ್ ಹುಡುಗಿಯರ ಭುಜ ಗಟ್ಟಿ, ನಿಜ. ಆದರೆ ಅವರು ಎರಡೂ ಕೈಯಲ್ಲಿ ಎದೆ ಮುಂದೆ ಹಿಡಿದು ಅಭ್ಯಾಸ. ಎತ್ತರದಿಂದ ಬರುವ ಕ್ರಿಕೆಟ್ ಬಾಲಿಗೂ ಹಾಗೇ ಬೆರಳು ಚಾಚಿದರು. ಎರಡು ವಾರದಲ್ಲಿ ಎರಡು ಕಿರುಬೆರಳು ಹೋದವು. ಎಕ್ಸ್‌ರೇ, ಪಟ್ಟಿ ಎಲ್ಲಾ ಸೇರಿ ಸಾವಿರದ ಚಿಲ್ಲರೆ ನನ್ನ ಜೇಬಿಂದ. ಒಬ್ಬಳ ತಾಯಿ ಗ್ರೌಂಡಿಗೇ ಬಂದು, ‘ನಾಳೆ ಹೆಣ್ಣು ನೋಡೋಕೆ ಬಂದೋರು ಬೆರಳು ಸೊಟ್ಟ ಅಂದ್ರೆ ನೀವ್ ಬಂದು ಉತ್ರ ಹೇಳ್ತೀರಾ ಸಾ?’ ಅಂದರು. ಏನು ಹೇಳಲಿ? ಆ ಹುಡುಗಿ ವಾಪಸ್ ಬರಲಿಲ್ಲ.

ಎಸೆತವೂ ಕೈಕೊಟ್ಟಿತು. ದೊಡ್ಡ ಬಾಲನ್ನು ಅಂಗೈಯಿಂದ ತಳ್ಳಿ ಅಭ್ಯಾಸ ಆದವರು ಚಿಕ್ಕ ಬಾಲನ್ನೂ ತಳ್ಳಿದರು. ಅದು ಕೀಪರ್ ಹತ್ತಿರ ಹೋಗುವ ಬದಲು ಅವರ ಕಾಲ ಬುಡದಲ್ಲೇ ಬೀಳುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಮೋಸದಿಂದ. ಬೆಂಗಳೂರಿನ ಒಂದು ಅಂಗಡಿಯಿಂದ ಒಂದು ಡಜನ್ ಲೇಡೀಸ್ ಬಾಲ್ ತರಿಸಿದ್ದೆ, ಒಂದಕ್ಕೆ ಸುಮಾರು 450 ರೂಪಾಯಿ. ನಮ್ಮ ಆಫ್‌ಸ್ಪಿನ್ ಹುಡುಗಿ ದಿನಾ ಒಂದೇ ವರಾತ: ‘ಬಾಲ್ ಕೈಯಾಗೆ ಕೂರ್ತಿಲ್ಲ ಸಾ.’ ನಾನು ನೆಪ ಅಂದುಕೊಂಡಿದ್ದೆ. ಒಂದು ದಿನ ಅನುಮಾನ ಬಂದು ಚೀಲ ಸಮೇತ ಪರಿಚಯದ ಚಿನ್ನದ ಅಂಗಡಿಗೆ ಹೋದೆ. ಅವರು ನಗುತ್ತಲೇ ಗಾಜಿನ ಡಬ್ಬಿಯೊಳಗಿನ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟರು. ಹೆಂಗಸರ ಬಾಲು 140ರಿಂದ 151 ಗ್ರಾಂ ಒಳಗಿರಬೇಕು, ಅಲ್ವಾ? ಹನ್ನೆರಡರಲ್ಲಿ ಏಳು 156ರ ಮೇಲೆ! ಗಂಡಸರ ಬಾಲಿಗೆ ಬೇರೆ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದರು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಸುಮ್ನೆ ಬಿಸಾಡೋಕೆ ಮನಸ್ಸು ಬರಲಿಲ್ಲ. ಆ ಏಳನ್ನು ಎಸೆಯುವ ಪ್ರಾಕ್ಟೀಸಿಗೇ ಇಟ್ಟೆ. ಬಾಲು ಭಾರ ಆದಾಗ ತಳ್ಳೋಕೆ ಆಗಲಿಲ್ಲ, ತಾನಾಗೇ ಮೊಣಕೈ ಹಿಂದೆ ಹೋಗಿ ಮಣಿಕಟ್ಟು ತಿರುಗಿತು. ಒಂದು ತಿಂಗಳಾದ ಮೇಲೆ ಸರಿಯಾದ ಬಾಲ್ ಕೊಟ್ಟರೆ ಬೌಂಡರಿಯಿಂದ ಒಂದೇ ಪುಟಕ್ಕೆ ಸ್ಟಂಪಿಗೆ. ಇದನ್ನು ನೀವು ಮಾಡುವುದಾದರೆ ಒಬ್ಬಳಿಗೆ ದಿನಕ್ಕೆ ಹದಿನೈದು ಇಪ್ಪತ್ತು ಎಸೆತ ಸಾಕು. ಜಾಸ್ತಿ ಆದರೆ ಭುಜ ಹಿಡಿದುಕೊಳ್ಳುತ್ತದೆ.

ಮ್ಯಾಟಿನ ಕಥೆ ಬೇರೆ. ಹೊಸ ತೆಂಗಿನ ನಾರಿನ ಮ್ಯಾಟಿಗೆ 22-23 ಸಾವಿರ ಹೇಳಿದರು. ಮೈಸೂರಿನ ಒಂದು ಕ್ಲಬ್ಬಿನವರು ಬಿಸಾಡಲು ಇಟ್ಟಿದ್ದನ್ನು 6 ಸಾವಿರಕ್ಕೆ ತಂದೆ, ಟೆಂಪೋ ಬಾಡಿಗೆ ಬೇರೆ. ಬಾಲು ಹೆಚ್ಚಾಗಿ ಪುಟಿಯುವ ಗುಡ್‌ಲೆಂತ್ ಜಾಗದಲ್ಲೇ ಮೊಳದುದ್ದ ಹರಿದಿತ್ತು. ಗೋಣಿ ಹೊಲಿಯುವ ದಬ್ಬಳ, ನೈಲಾನ್ ದಾರ ಹಿಡಿದು ನಾನೇ ಹೊಲಿದೆ. ಕೆಳಗಿನ ಮಣ್ಣು ಧೂಳೇಳುತ್ತಿತ್ತು. ಆಗ ಹೊಳೆದದ್ದು ಮಂಡ್ಯದವನಿಗೆ ಮಾತ್ರ ಹೊಳೆಯುವ ಉಪಾಯ. ಆಲೆಮನೆಯಲ್ಲಿ ಗಟ್ಟಿಯಾಗದೆ ಕೆಟ್ಟ ಪಾಕ ಎರಡು ಕ್ಯಾನ್ ತಂದು, ನೀರಲ್ಲಿ ಕಲಸಿ, ಮಣ್ಣಿಗೆ ಹಾಕಿ ರೋಲರ್ ಎಳೆದೆ. ಎರಡು ದಿನ ಸಿಮೆಂಟಿನ ಹಾಗಿತ್ತು. ಮೂರನೇ ದಿನ ಬೆಳಿಗ್ಗೆ ಮ್ಯಾಟ್ ಎತ್ತಿದರೆ ಮಂಡ್ಯ ಜಿಲ್ಲೆಯ ಇರುವೆಯೆಲ್ಲಾ ಅಲ್ಲೇ ಇತ್ತು. ಒಂದು ವಾರ ಪ್ರಾಕ್ಟೀಸ್ ಬಂದ್. ನಮ್ಮ ಕೀಪರ್ ಈಗಲೂ ಕೂರುವ ಮೊದಲು ನೆಲ ನೋಡುತ್ತಾಳೆ.

ಇನ್ನು ಖೋ ಖೋ ಹುಡುಗಿಯರು. ನನ್ನ ಇಡೀ ಯೋಜನೆ ನಿಂತಿದ್ದೇ ಅವರ ಮೇಲೆ. ಸಿಕ್ಸರ್ ಹೊಡೆಯುವವರು ನಮ್ಮಲ್ಲಿ ಯಾರೂ ಇಲ್ಲ, ಒಂದು ಎರಡು ಓಡಿಯೇ ರನ್ ಆಗಬೇಕು. ಇವರು ಬಗ್ಗಿ ತಿರುಗುವ ಚಂದ ನೋಡಬೇಕು ನೀವು. ಎರಡನೇ ರನ್ನಿಗೆ ತಿರುಗುವಲ್ಲಿ ನಾವು ವರ್ಷಗಟ್ಟಲೆ ಕಲಿಸುವುದು ಅವರಿಗೆ ಹುಟ್ಟಿನಿಂದಲೇ ಬಂದ ಹಾಗೆ. ಕೈಯಲ್ಲಿ ಬ್ಯಾಟ್ ಇದೆ ಅನ್ನುವುದನ್ನೇ ಮರೆಯುತ್ತಿದ್ದರು, ಅಷ್ಟೇ. ಗೆರೆಯನ್ನು ಕಾಲಲ್ಲಿ ಮುಟ್ಟಿ ತಿರುಗಿಬಿಡೋರು, ಬ್ಯಾಟು ಸೊಂಟದ ಹತ್ತಿರ ಗಾಳಿಯಲ್ಲಿ!

ಕಷ್ಟ ಆಗಿದ್ದು ಕಾಲಿಂಗ್, ಅಂದರೆ ರನ್ ಓಡಲು ಜೊತೆಯವಳಿಗೆ ಕೂಗುವುದು. ‘ಯೆಸ್’ ಅಂದರೆ ಯೋಚನೆ ಮಾಡುತ್ತಾರೆ. ‘ರನ್’ ಅಂದರೆ ಬಾಲ್ ಕಡೆ ನೋಡುತ್ತಾರೆ. ಒಂದು ಸಂಜೆ ಬೇಜಾರಾಗಿ, ‘ಏನವ್ವಾ, ಖೋ ಕೊಟ್ರೆ ಮಾತ್ರ ಏಳ್ತೀರಾ?’ ಅಂತ ರೇಗಿದೆ. ಕೆರಗೋಡಿನ ಹುಡುಗಿ, ‘ಹ್ಞೂಂ ಸಾ, ಖೋ ಅನ್ಲಿ ಸಾ’ ಅಂದಳು. ಅನ್ನಿಸಿ ನೋಡಿದೆ. ಕೇಳಿದ ಕೂಡಲೇ ಕಾಲು ಹೊರಟಿತ್ತು. ಎಷ್ಟೋ ವರ್ಷ ಕೂತು ಅದೊಂದೇ ಶಬ್ದಕ್ಕೆ ಎದ್ದು ಓಡಿದವರು, ಮೈಯೇ ಕಲಿತುಬಿಟ್ಟಿದೆ. ಅವತ್ತಿಂದ ನಮ್ಮ ಕಾಲ್ ‘ಖೋ’.

ಹುಡುಗರ ಟೀಮಿನ ಜೊತೆ ಪ್ರಾಕ್ಟೀಸ್ ಮ್ಯಾಚಲ್ಲಿ ಇದು ತಿರುಗಿಬಿತ್ತು. ಪಾಯಿಂಟಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಒಬ್ಬ ತರಲೆ ತಾನೇ ‘ಖೋ!’ ಅಂತ ಕೂಗಿದ. ನಮ್ಮವಳು ಅರ್ಧ ಪಿಚ್ ಓಡಿ ರನೌಟ್. ಹುಡುಗರೆಲ್ಲಾ ಬಿದ್ದು ಬಿದ್ದು ನಕ್ಕರು. ನಾನು ಕ್ರಿಕೆಟ್ಟಿನ 41.5ನೇ ನಿಯಮ ತೆಗೆದು ತೋರಿಸಿದೆ. ಫೀಲ್ಡರ್ ಬೇಕಂತಲೇ ಬ್ಯಾಟರನ್ನು ಮೋಸಗೊಳಿಸಿದರೆ ಔಟ್ ಇಲ್ಲ, ಮೇಲೆ ಐದು ರನ್ ದಂಡ. ಐದು ರನ್ ತಗೊಂಡೆವು. ಆದರೆ ಎಲ್ಲಾ ಅಂಪೈರೂ ಕೊಡುತ್ತಾರೆ ಅಂತ ನಂಬಿ ಕೂರೋಕಾಗಲ್ಲ. ಅದಕ್ಕೇ ಈಗ ಖೋ ಜೊತೆ ಇನ್ನೊಂದು ಗುರುತು ಸೇರಿಸಿದ್ದೇವೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ನಿಮ್ಮೆದುರೇ ಆಡಬೇಕಲ್ಲ.

ಈಗ ಆ ಮಳೆ ಮ್ಯಾಚಿಗೆ ಬರುತ್ತೇನೆ. ಫೋನ್ ಮಾಡಿದವರೆಲ್ಲಾ ಕೇಳುವುದು ಅದನ್ನೇ.

ಟೂರ್ನಿ ಮೈಸೂರಲ್ಲಿ, 15 ಓವರಿನ ಆಟ. ಹೋಗಿ ಬರುವ ಖರ್ಚು ಕಮ್ಮಿ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆಲ್ಲಾ ಶೂನ್ಯ ಟಿಕೆಟ್, ದುಡ್ಡು ಕೊಟ್ಟವರು ನಾನು ಮತ್ತು ಕಿಟ್ ಬ್ಯಾಗು. ಮೊದಲ ಮ್ಯಾಚ್ ಸೋತೆವು. ಎರಡನೆಯದು ಗೆದ್ದೆವು, ಅದರಲ್ಲಿ ನಾಲ್ಕು ರನೌಟ್, ಎಲ್ಲವೂ ಆ ಭಾರದ ಬಾಲಿನ ಪುಣ್ಯ. ಮೂರನೆಯದು ಗೆಲ್ಲಲೇಬೇಕು. ಮಳೆ ಬಂದು ಪಾಯಿಂಟ್ ಹಂಚಿದರೆ ನಾವು ಮನೆಗೆ.

11 ಓವರಿಗೆ 2 ವಿಕೆಟಿಗೆ 96 ಆಗಿತ್ತು. ಚಾಮುಂಡಿ ಬೆಟ್ಟ ಕಾಣುತ್ತಲೇ ಇರಲಿಲ್ಲ, ಅಷ್ಟು ಕಪ್ಪು ಮೋಡ. ಎದುರಿನವರು ಕನಿಷ್ಠ ಐದು ಓವರ್ ಆಡದಿದ್ದರೆ ಫಲಿತಾಂಶ ಇಲ್ಲ. ಇನ್ನು ನಾಲ್ಕು ಓವರ್ ಆಡಿ ಇಪ್ಪತ್ತೈದು ಮೂವತ್ತು ರನ್ ಸೇರಿಸಿ ಏನು ಉಪಯೋಗ? ಡಿಕ್ಲೇರ್ ಮಾಡುವ, ಅಂದರೆ ನಾವಾಗೇ ಇನಿಂಗ್ಸ್ ಮುಗಿಸುವ ಹಾಗಿಲ್ಲ.

ಆಗ ಬ್ಯಾಂಕಾಕ್ ನೆನಪಾಯ್ತು. 2025ರ ಮೇ ತಿಂಗಳಲ್ಲಿ ಅಲ್ಲಿ ಟಿ20 ವಿಶ್ವಕಪ್ಪಿನ ಏಷ್ಯಾ ಕ್ವಾಲಿಫೈಯರ್ ನಡೆಯಿತಲ್ಲ, ಒಂಬತ್ತು ತಂಡಗಳದ್ದು. ಕತಾರ್ ಎದುರು ಯುಎಇ 16 ಓವರಿಗೆ ವಿಕೆಟೇ ಇಲ್ಲದೆ 192 ಹೊಡೆದಿತ್ತು. ಈಶಾ ಓಝಾ 113, ತೀರ್ಥಾ ಸತೀಶ್ 74. ಮಳೆ ಬರುವ ಹಾಗಿತ್ತು. ಇಬ್ಬರೂ ರಿಟೈರ್ಡ್ ಔಟ್ ಆಗಿ, ಅಂದರೆ ಯಾರೂ ಔಟ್ ಮಾಡದೆ ತಾವಾಗೇ ಔಟ್ ಅಂತ ಬರೆಸಿಕೊಂಡು ಹೊರನಡೆದರು. ಆಮೇಲೆ ಉಳಿದವರು ಒಬ್ಬೊಬ್ಬರೇ ಬಂದರು, ಹೋದರು. ಹತ್ತೂ ವಿಕೆಟ್ ರಿಟೈರ್ಡ್ ಔಟ್, ಎಂಟು ಸೊನ್ನೆ. ಮರುದಿನ ಸ್ಕೋರ್‌ಕಾರ್ಡ್ ನೋಡಿ ಪ್ರಿಂಟ್ ತಪ್ಪಾಗಿದೆ ಅಂದುಕೊಂಡಿದ್ದೆ. ಕತಾರ್ 29ಕ್ಕೆ ಆಲೌಟ್. 163 ರನ್ನಿನ ಗೆಲುವು.

ಅಂಪೈರ್ ಹತ್ತಿರ ಓಡಿದೆ. ಅವರೂ ಆ ಸ್ಕೋರ್‌ಕಾರ್ಡ್ ನೋಡಿದವರೇ. ‘ಗೆರೆ ದಾಟಿ ಒಳಗೆ ಕಾಲಿಡಬೇಕು ಸಾರ್, ಆಗಲೇ ಅವರ ಇನಿಂಗ್ಸ್ ಶುರು’ ಅಂದರು. ನಮ್ಮ ಹತ್ತಿರ ಇದ್ದದ್ದು ನಾಲ್ಕು ಜೊತೆ ಪ್ಯಾಡು. ಕಟ್ಟಿ ಬಿಚ್ಚಿ ಕೂತರೆ ಮಳೆ ಬಂದೇ ಬಿಡುತ್ತೆ. ಪ್ಯಾಡ್ ಬೇಡ, ಬ್ಯಾಟ್ ಹಿಡಿದು ಬನ್ನಿ ಅಂದೆ. ಕ್ರೀಸಲ್ಲಿದ್ದ ಇಬ್ಬರು, ಮತ್ತೆ ಆರು ಜನ, ಒಟ್ಟು ಎಂಟು. ಕೊನೆಯವಳು ಹವಾಯಿ ಚಪ್ಪಲಿಯಲ್ಲಿ ಬಂದು ಹೋದಳು. ಐದಾರು ನಿಮಿಷದಲ್ಲಿ 96ಕ್ಕೆ ಆಲೌಟ್. ಸ್ಕೋರರ್ ಹುಡುಗ ತಲೆ ಎತ್ತಲೇ ಇಲ್ಲ.

ಎದುರಿನ ಕೋಚ್ ಕೂಗಾಡಿದರು. ಅವರದ್ದೂ ತಪ್ಪಲ್ಲ, ನಾನಾಗಿದ್ದರೂ ಕೂಗುತ್ತಿದ್ದೆ. ಅವರು 6.2 ಓವರಿಗೆ 5 ವಿಕೆಟಿಗೆ 21 ಆಗಿದ್ದಾಗ ಮಳೆ ಹೊಯ್ದು ಬಿಟ್ಟಿತು. ಟೂರ್ನಿ ನಿಯಮದ ಪ್ರಕಾರ ರನ್‌ರೇಟ್ ಲೆಕ್ಕ, ಅಂದರೆ ಓವರಿಗೆ ಎಷ್ಟು ರನ್ ಅಂತ. ಅದರಲ್ಲಿ ನಾವು ಗೆದ್ದೆವು. ಇಲ್ಲೊಂದು ಎಚ್ಚರಿಕೆ: ಆಲೌಟ್ ಆದರೆ ನೀವು ಆಡಿದ ಓವರ್ ಹಿಡಿಯುವುದಿಲ್ಲ, ಪೂರ್ತಿ ಓವರ್ ಹಿಡಿಯುತ್ತಾರೆ. 11 ಓವರಿನ 96 ಅಂದರೆ 8.7. ನಮಗೆ ಸಿಕ್ಕಿದ್ದು 15ರಿಂದ ಭಾಗಿಸಿ 6.4. ಯುಎಇಯವರ 192ನ್ನೂ ಹಾಗೇ 20ರಿಂದ ಭಾಗಿಸಬೇಕು. ಎದುರಿನ ಟೀಮು ಗಟ್ಟಿ ಇದ್ದು, ನಿಮ್ಮ ಸ್ಕೋರ್ ಸಣ್ಣದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಂದು ಹೋದ ಆರು ಜನರಲ್ಲಿ ಪಾಂಡವಪುರ ಕಡೆಯ ಹುಡುಗಿಯೂ ಇದ್ದಳು. ಅವಳ ಅಪ್ಪ ಅವತ್ತೇ ಮೊದಲ ಸಲ ಮ್ಯಾಚ್ ನೋಡಲು ಬಂದಿದ್ದರು, ಭತ್ತದ ಕೆಲಸ ಬಿಟ್ಟು. ‘ನಮ್ ಮಗು ಎಷ್ಟ್ ಹೊಡೀತು ಸಾ?’ ಅಂತ ಕೇಳಿದರು. ಬುಕ್ಕಲ್ಲಿ ಸೊನ್ನೆ. ಅವಳು ಬಾಲೇ ಎದುರಿಸಿಲ್ಲ ಅಂತ ವಿವರಿಸಲು ಹೋದೆ. ‘ಹಂಗಾರೆ ಔಟ್ ಹೆಂಗಾದ್ಳು?’ ಅಂದರು. ಹುಡುಗಿಗೆ, ‘ಬ್ಯಾಂಕಾಕಲ್ಲೂ ಎಂಟು ಜನ ಸೊನ್ನೆ ಕಣವ್ವಾ’ ಅಂದೆ. ಬಸ್ಸಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಸೆಮಿಫೈನಲ್ಲಿಗೆ ಬಂದರೆ ನಮ್ಮ ಬಂಡವಾಳ ಬಯಲಾಯ್ತು. ಎದುರಾಳಿಗಳು ನಮ್ಮ ಹಿಂದಿನ ಮ್ಯಾಚ್ ನೋಡಿದ್ದರು. ಫೀಲ್ಡರುಗಳನ್ನು ಒಳಗೆ ತಂದು ಸಿಂಗಲ್ ನಿಲ್ಲಿಸಿದರು. ತಲೆ ಮೇಲಿಂದ ಎತ್ತಿ ಹೊಡೆಯುವವಳು ಒಬ್ಬಳೂ ಇರಲಿಲ್ಲ. 90ರ ಆಸುಪಾಸಿನ ಗುರಿಗೆ 17 ರನ್ ಕಮ್ಮಿ ಬಿತ್ತು. ಬ್ಯಾಂಕಾಕಲ್ಲೂ ಕೊನೆಗೆ ಮುಂದಕ್ಕೆ ಹೋದವರು ಥಾಯ್ಲೆಂಡ್ ಮತ್ತು ನೇಪಾಳ. ಯುಎಇಗೆ ಜಾಗ ಸಿಗಲಿಲ್ಲ. ರಿಟೈರ್ಡ್ ಔಟ್ ಒಂದು ದಿನದ ಕೆಲಸ, ದಿನಾ ಕೈ ಹಿಡಿಯುವುದು ಥಾಯ್ಲೆಂಡಿನವರ ದಾರಿಯೇ ಅಂತ ನನ್ನ ಲೆಕ್ಕ. ನಮ್ಮ ಇಬ್ಬರಿಗೆ ವಲಯದ ಸೆಲೆಕ್ಷನ್ನಿಗೆ ಕರೆ ಬಂದಿದೆ. ಇಬ್ಬರೂ ಖೋ ಖೋದವರು, ಬ್ಯಾಟಿಂಗಿಗಲ್ಲ, ಫೀಲ್ಡಿಂಗಿಗೆ.

ಕಬಡ್ಡಿ ಹುಡುಗಿಯರ ತೊಡೆಯ ಬಲಕ್ಕೆ ಎತ್ತಿ ಹೊಡೆಯುವುದು ಬರುತ್ತದಾ ಅಂತ ಈಗ ನೋಡುತ್ತಿದ್ದೇನೆ. ಒಬ್ಬಳು ಹೋದ ವಾರ ಮಿಡ್‌ವಿಕೆಟ್ ಮೇಲಿಂದ ಪಕ್ಕದ ಕಬ್ಬಿನ ಗದ್ದೆಗೆ ಹೊಡೆದಳು, 148 ಗ್ರಾಂನ ಒಳ್ಳೇ ಬಾಲು, ಸಿಗಲೇ ಇಲ್ಲ.

ಇಲ್ಲಿಯವರೆಗೆ 60 ಸಾವಿರದ ಹತ್ತಿರ ಖರ್ಚಾಗಿದೆ. ಮನೆಯಲ್ಲಿ 25 ಅಂತ ಹೇಳಿದ್ದೇನೆ. ಈ ಸಲದ ಕಬ್ಬಿನ ದುಡ್ಡು ಬಂದ ಮೇಲೆ ಇನ್ನು ನಾಲ್ಕು ಜೊತೆ ಪ್ಯಾಡ್ ತರಬೇಕು. ಅದನ್ನು ಇನ್ನೂ ಹೇಳಿಲ್ಲ.