ಜರ್ಮನಿಯಲ್ಲಿ ಬೇರೆಯಾದ ದಿನ: ವಿಚ್ಛೇದನ ಮತ್ತು ವಾಸದ ಪರವಾನಗಿ

"ನೀವಿಬ್ಬರೂ ಯಾವಾಗಿನಿಂದ ಒಟ್ಟಿಗೆ ಇಲ್ಲ?" ಎಂದು ಮೇಜಿನ ಆಚೆಗಿದ್ದ ಅಧಿಕಾರಿ ಕೇಳಿದರು. ದಕ್ಷಿಣ ಜರ್ಮನಿಯ ಒಂದು ಊರಿನ ವಿದೇಶಿಯರ ಕಚೇರಿ ಅದು, ವಾಸದ ಪರವಾನಗಿ ಕೊಡುವ ಜಾಗ. ನಾನು ದುಭಾಷಿಯಾಗಿ ಹೋಗಿದ್ದೆ. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಪಕ್ಕದಲ್ಲಿದ್ದ ಹೆಂಗಸಿನ ದುಃಖದ ಕಟ್ಟೆ ಒಡೆಯಿತು. "ಒಟ್ಟಿಗೆ ಇದ್ದದ್ದಾದರೂ ಯಾವಾಗ? ಬಂದ ಎರಡನೇ ತಿಂಗಳಿನಿಂದಲೇ ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು." ಅಧಿಕಾರಿಯ ಬೆರಳುಗಳು ಆಗಲೇ ಕೀಲಿಮಣೆಯ ಮೇಲಿದ್ದವು. ಪ್ರಶ್ನೆ ಇವರಿಗೆ ಸರಿಯಾಗಿ ಮುಟ್ಟಿಲ್ಲ, ಇನ್ನೊಮ್ಮೆ ಬಿಡಿಸಿ ಕೇಳುತ್ತೇನೆ ಎಂದು ಅವರ ಅನುಮತಿ ಪಡೆದು, "ನೀವು ಬೇರೆ ಮನೆ ಮಾಡಿದ್ದು ಯಾವಾಗ? ಅಲ್ಲಿಯವರೆಗೆ ಅಡುಗೆ, ಖರ್ಚು, ಮನೆವಾರ್ತೆ ಒಟ್ಟಿಗೇ ನಡೆಯುತ್ತಿತ್ತೇ?" ಎಂದು ಕೇಳಿದೆ. ಒಟ್ಟಿಗೇ ನಡೆಯುತ್ತಿತ್ತು. ಬೇರೆ ಮನೆ ಮಾಡಿ ಆಗಿದ್ದದ್ದು ನಾಲ್ಕೇ ತಿಂಗಳು. ಮೊದಲ ಉತ್ತರವೇ ದಾಖಲಾಗಿದ್ದರೆ ಮೂರೂವರೆ ವರ್ಷದ ಸಂಸಾರ ಕಡತದಲ್ಲಿ ಎರಡು ತಿಂಗಳಿನದಾಗಿ ಉಳಿದುಬಿಡುತ್ತಿತ್ತು.

ಇಲ್ಲಿನ ವ್ಯವಸ್ಥೆಯಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಎಲ್ಲರ ಕಣ್ಣೂ ವಿಚ್ಛೇದನದ ತೀರ್ಪಿನ ಮೇಲಿರುತ್ತದೆ. ತೀರ್ಪು ಬಂದರೆ ವೀಸಾ ಹೋಗುತ್ತದೆ, ಬರುವವರೆಗೆ ಭಯವಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಆದರೆ ಬ್ಲೂ ಕಾರ್ಡ್ (ಹೆಚ್ಚಿನ ಅರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಹೊಂದಿದ ಸಂಗಾತಿಯ ಬೆನ್ನಿಗೆ ಬಂದವರಿಗೆ ವಾಸ ಕಾಯ್ದೆಯ 30ನೇ ಕಲಮಿನಲ್ಲಿ, ಜರ್ಮನ್ ಪೌರರನ್ನು ಮದುವೆಯಾಗಿ ಬಂದವರಿಗೆ 28ನೇ ಕಲಮಿನಲ್ಲಿ ಸಿಗುವ ಪರವಾನಗಿ ನಿಂತಿರುವುದು ಮದುವೆಯ ಪ್ರಮಾಣಪತ್ರದ ಮೇಲಲ್ಲ, ಸಂಸಾರ ನಡೆಯುತ್ತಿರುವುದರ ಮೇಲೆ. ಕಾನೂನಿನಲ್ಲಿ ಇದರ ಹೆಸರು 'ಎಹೆಲಿಖೆ ಲೇಬೆನ್ಸ್‌ಗೆಮೈನ್‌ಶಾಫ್ಟ್', ದಂಪತಿಗಳಾಗಿ ಕೂಡಿ ಬಾಳುವುದು. ಅದು ಮುರಿದ ದಿನವೇ ಪರವಾನಗಿಯ ಬುಡ ಅಲುಗಾಡುತ್ತದೆ. ವಾಸದ ಕಾರ್ಡಿನ ಮೇಲೆ ಇನ್ನೂ ಎರಡು ವರ್ಷದ ಅವಧಿ ಅಚ್ಚಾಗಿದೆ ಎಂದು ಧೈರ್ಯದಿಂದಿರುವ ಹಾಗೂ ಇಲ್ಲ. ಕೊಟ್ಟ ಕಾರಣ ಇಲ್ಲವಾದಾಗ ಆ ಅವಧಿಯನ್ನು ಕಡಿತಗೊಳಿಸುವ ಅಧಿಕಾರ 7ನೇ ಕಲಮಿನಲ್ಲಿದೆ.

ಇನ್ನು ಮೂರು ವರ್ಷದ ಲೆಕ್ಕ. ಜರ್ಮನಿಯ ನೆಲದಲ್ಲಿ, ಸಕ್ರಮ ಪರವಾನಗಿಯೊಡನೆ, ಸತತವಾಗಿ ಮೂರು ವರ್ಷ ಸಂಸಾರ ನಡೆದಿದ್ದರೆ 31ನೇ ಕಲಮಿನ ಪ್ರಕಾರ ಸಂಗಾತಿಯ ಹಂಗಿಲ್ಲದ ಸ್ವತಂತ್ರ ಪರವಾನಗಿ ಸಿಗುತ್ತದೆ. ಮದುವೆ ಬೆಂಗಳೂರಿನಲ್ಲಿ ಐದು ವರ್ಷದ ಹಿಂದೆ ಆಗಿರಬಹುದು. ಎಣಿಕೆ ಶುರುವಾಗುವುದು ನೀವು ಇಲ್ಲಿ ಬಂದು ಒಂದೇ ಮನೆಯಲ್ಲಿ ಬಾಳತೊಡಗಿದ ದಿನದಿಂದ. ಗಂಡ ವಾರವಿಡೀ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡಿ ಶನಿವಾರಕ್ಕೆ ಮ್ಯೂನಿಕ್‌ನ ಮನೆಗೆ ಬರುತ್ತಿದ್ದರೆ ಅದರಿಂದ ಸಂಸಾರ ಮುರಿದಂತಾಗುವುದಿಲ್ಲ. ಹಳಬರು "ಎರಡು ವರ್ಷ ಸಾಕು" ಎಂದು ಹೇಳುವುದನ್ನು ನೀವು ಕೇಳಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮಾಹಿತಿ ಹಳತಾಗಿದೆ ಅಷ್ಟೇ: 2011ರ ಜುಲೈ 1ರವರೆಗೆ ಅದು ಎರಡೇ ವರ್ಷವಿತ್ತು.

ಈ ಸ್ವತಂತ್ರ ಪರವಾನಗಿ ಮೊದಲಿಗೆ ಒಂದು ವರ್ಷದ್ದು. ಆ ವರ್ಷದಲ್ಲಿ ಕೆಲಸವಿಲ್ಲದೆ ಸರ್ಕಾರದ ನೆರವಿನ ಹಣ ಪಡೆದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮುಂದಿನ ನವೀಕರಣಕ್ಕೆ ಮಾತ್ರ ನಿಮ್ಮ ಕಾಲ ಮೇಲೆ ನೀವು ನಿಂತಿರುವುದನ್ನು ತೋರಿಸಬೇಕಾಗುತ್ತದೆ. ಆದ್ದರಿಂದ ಆ ಹನ್ನೆರಡು ತಿಂಗಳು ಕಣ್ಣೀರಿಗೂ ಬೇಕು, ಕೆಲಸ ಹುಡುಕುವುದಕ್ಕೂ ಬೇಕು. ಯಾವ ಅರ್ಜಿಯನ್ನಾದರೂ ಕಾರ್ಡಿನ ಅವಧಿ ಮುಗಿಯುವ ಮೊದಲೇ ಸಲ್ಲಿಸಿ. ಹಾಗೆ ಸಲ್ಲಿಸಿದರೆ ತೀರ್ಮಾನ ಬರುವವರೆಗೆ ಹಳೆಯ ಹಕ್ಕುಗಳು ಮುಂದುವರಿಯುತ್ತವೆ. ಅದಕ್ಕೆ ಕೊಡುವ ಕಾಗದವೇ 'ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್'. ಹೆಸರು ನಾಲಿಗೆಗೆ ಕಷ್ಟ, ಆದರೆ ಕೇಳಿ ಪಡೆಯಿರಿ.

ಮೂರು ವರ್ಷ ತುಂಬಿಲ್ಲದಿದ್ದರೆ? ಎಂಜಿನಿಯರಿಂಗ್ ಅಥವಾ ಬೇರೆ ಪದವಿ ಇರುವವರಿಗೆ ನಾನು ಮೊದಲು ಹೇಳುವುದು 31ನೇ ಕಲಮನ್ನು ಮರೆತುಬಿಡಿ ಎಂದೇ. ನಿಮ್ಮ ವಿಶ್ವವಿದ್ಯಾಲಯವೂ ಪದವಿಯೂ 'ಅನಾಬಿನ್' ಎಂಬ ಮಾಹಿತಿಕೋಶದಲ್ಲಿ ಮಾನ್ಯವಾಗಿವೆಯೇ ನೋಡಿ, ತಕ್ಕ ಕೆಲಸ ಹಿಡಿದರೆ 18ಬಿ ಕಲಮಿನ ಪರವಾನಗಿಯನ್ನೋ ನಿಮ್ಮದೇ ಬ್ಲೂ ಕಾರ್ಡನ್ನೋ ಇಲ್ಲಿದ್ದುಕೊಂಡೇ ಪಡೆಯಬಹುದು. ಅದಕ್ಕಾಗಿ ಬೆಂಗಳೂರಿನ ಕಾನ್ಸುಲೇಟಿನ ಬಾಗಿಲು ತಟ್ಟಬೇಕಿಲ್ಲ. ಸಂಗಾತಿಯಾಗಿ ಬಂದವರಿಗೆ ಮೊದಲ ದಿನದಿಂದಲೇ ಯಾವ ಕೆಲಸವನ್ನೂ ಮಾಡುವ ಹಕ್ಕಿದೆ. ಸಂಸಾರ ಚೆನ್ನಾಗಿರುವಾಗಲೇ ಆ ಹಕ್ಕನ್ನು ಬಳಸಿಕೊಂಡವರು ಈ ಬಿಕ್ಕಟ್ಟನ್ನು ಅರ್ಧ ಗೆದ್ದಂತೆ.

ಮನೆಯಲ್ಲಿ ಹಿಂಸೆ ನಡೆದಿದ್ದರೆ ಲೆಕ್ಕವೇ ಬೇರೆ. ಮೂರು ವರ್ಷ ತುಂಬಲಿ ಎಂದು ಯಾರೂ ಪೆಟ್ಟು ತಿನ್ನುತ್ತಾ ಕೂರಬೇಕಿಲ್ಲ. 31ನೇ ಕಲಮಿನ ಎರಡನೇ ಭಾಗದಲ್ಲಿ 'ವಿಶೇಷ ಸಂಕಷ್ಟ' ಎಂಬ ವಿನಾಯಿತಿ ಇದೆ, ಕೌಟುಂಬಿಕ ಹಿಂಸೆಯನ್ನು ಅದರಲ್ಲಿ ಹೆಸರು ಹಿಡಿದೇ ಹೇಳಿದ್ದಾರೆ. ಆದರೆ ಕಚೇರಿ ಪುರಾವೆ ಕೇಳುತ್ತದೆ: ವೈದ್ಯರು ಬರೆದುಕೊಟ್ಟ ಗಾಯದ ವಿವರ, ಪೊಲೀಸರ ದೂರಿನ ಸಂಖ್ಯೆ, ಆಶ್ರಯಧಾಮದ ಪತ್ರ, ಬೆದರಿಕೆಯ ಸಂದೇಶಗಳು. "ಮರ್ಯಾದೆ ಹೋಗುತ್ತದೆ" ಎಂದು ವೈದ್ಯರ ಬಳಿ ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳಿದ್ದರೆ ಆ ಮಾತೇ ಮುಂದೆ ನಿಮಗೆ ಎದುರಾಗಿ ನಿಲ್ಲುತ್ತದೆ. ತುರ್ತಿಗೆ 110 ಇದೆ. 116 016 ಹೆಂಗಸರ ಸಹಾಯವಾಣಿ. ಹಗಲೂ ರಾತ್ರಿಯೂ ಉಚಿತ, ಹೆಸರು ಹೇಳಬೇಕಿಲ್ಲ, ದುಭಾಷಿಗಳೂ ಸಿಗುತ್ತಾರೆ. 2002ರಿಂದ ಜಾರಿಯಲ್ಲಿರುವ, ಹಿಂಸೆಯಿಂದ ರಕ್ಷಿಸುವ ಕಾಯ್ದೆಯ ಪ್ರಕಾರ ಮನೆ ಬಿಡಬೇಕಾದವರು ಹೊಡೆದವರು. ಬಾಡಿಗೆ ಕರಾರು ಅವರ ಹೆಸರಿನಲ್ಲೇ ಇದ್ದರೂ ನ್ಯಾಯಾಲಯ ಮನೆಯನ್ನು ತಾತ್ಕಾಲಿಕವಾಗಿ ನಿಮಗೆ ಬಿಟ್ಟುಕೊಡಬಹುದು.

ವಿಚ್ಛೇದನಕ್ಕೆ ಇಲ್ಲಿ ತಪ್ಪು ಯಾರದು ಎಂದು ಯಾರೂ ಕೇಳುವುದಿಲ್ಲ. ಮದುವೆ ಮುರಿದುಬಿದ್ದಿದೆಯೇ ಎಂಬುದೊಂದೇ ಪ್ರಶ್ನೆ, ಅದಕ್ಕೆ ಅಳತೆಗೋಲು 'ಟ್ರೆನುಂಗ್ಸ್‌ಯಾರ್', ಬೇರೆಯಾಗಿ ಕಳೆದ ಒಂದು ವರ್ಷ. ಇಬ್ಬರೂ ಒಪ್ಪಿದರೆ ಆ ವರ್ಷ ಸಾಕು. ಒಬ್ಬರು ಒಪ್ಪದಿದ್ದರೆ ಮುರಿದಿದೆ ಎಂದು ಸಾಬೀತು ಮಾಡಬೇಕು. ಮೂರು ವರ್ಷ ಬೇರೆಯಿದ್ದರೆ ಸಾಬೀತಿನ ಮಾತೂ ಇಲ್ಲ. ಮ್ಯೂನಿಕ್‌ನಂಥ ಊರಿನಲ್ಲಿ ಎರಡನೇ ಬಾಡಿಗೆ ತೆರಲಾರದವರಿಗಾಗಿಯೋ ಎಂಬಂತೆ, ಒಂದೇ ಸೂರಿನಡಿ ಬೇರೆಯಾಗುವುದನ್ನೂ ಕಾನೂನು ಒಪ್ಪುತ್ತದೆ. ಹಾಸಿಗೆ ಬೇರೆ, ಒಲೆ ಹಚ್ಚುವ ಹೊತ್ತು ಬೇರೆ, ಬಟ್ಟೆ ಒಗೆತ ಬೇರೆ, ಖರ್ಚು ಬೇರೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಫ್ರಿಜ್ಜಿನೊಳಗೆ ಮೇಲಿನ ಎರಡು ಅಂತಸ್ತು ಗಂಡನದು, ಕೆಳಗಿನ ಎರಡು ಹೆಂಡತಿಯದು. ಉಪ್ಪಿನಕಾಯಿ ಭರಣಿ ಮಾತ್ರ ಬಾಗಿಲಿನಲ್ಲಿ, ಇಬ್ಬರಿಗೂ ಸೇರಿದ್ದು. ವಕೀಲರು ಅದನ್ನು ಕೇಳಿ ನಕ್ಕು, ಉಪ್ಪಿನಕಾಯಿಯಿಂದ ತೊಂದರೆಯಿಲ್ಲ, ಆದರೆ ಅವನ ಅಂಗಿಗಳನ್ನು ನೀವು ಇಸ್ತ್ರಿ ಮಾಡಬೇಡಿ ಎಂದರಂತೆ. ನಡುವೆ ಮತ್ತೆ ಒಂದಾಗಲು ಪ್ರಯತ್ನಿಸಿ ಸುಮಾರು ಮೂರು ತಿಂಗಳೊಳಗೆ ಕೈಬಿಟ್ಟರೆ ವರ್ಷದ ಎಣಿಕೆ ಮೊದಲಿಂದ ಶುರುವಾಗುವುದಿಲ್ಲ.

ಈಗ ಅಡಕತ್ತರಿಯನ್ನು ನೋಡಿ. ಬೇಗ ವಿಚ್ಛೇದನ ಬೇಕೆಂದರೆ ಬೇರೆಯಾದ ದಿನವನ್ನು ಹಿಂದಕ್ಕೆ ತಳ್ಳುವ ಆಸೆ ಹುಟ್ಟುತ್ತದೆ. ಮೂರು ವರ್ಷ ತುಂಬಬೇಕೆಂದರೆ ಅದೇ ದಿನವನ್ನು ಮುಂದಕ್ಕೆ ಎಳೆಯುವ ಆಸೆ. ತೆರಿಗೆ ಕಚೇರಿಯೂ ಅದೇ ದಿನವನ್ನು ಕೇಳುತ್ತದೆ: ಬೇರೆಯಾದ ವರ್ಷದ ಮರುವರ್ಷ ಜನವರಿ 1ರಿಂದ ದಂಪತಿಗಳ ತೆರಿಗೆ ವರ್ಗ ಹೋಗಿ ಒಂಟಿಯವರ ವರ್ಗ ಬರುತ್ತದೆ, ಕೈಗೆ ಬರುವ ಸಂಬಳ ಇಳಿಯುತ್ತದೆ. ಹೀಗಾಗಿ ನ್ಯಾಯಾಲಯದಲ್ಲಿ ಫೆಬ್ರವರಿ, ವಿದೇಶಿಯರ ಕಚೇರಿಯಲ್ಲಿ ಸೆಪ್ಟೆಂಬರ್, ತೆರಿಗೆ ಪತ್ರದಲ್ಲಿ "ಒಟ್ಟಿಗೇ ಇದ್ದೇವೆ" ಎಂದು ಬರೆದವರನ್ನು ಕಂಡಿದ್ದೇನೆ. ವಿದೇಶಿಯರ ಕಚೇರಿ ವಿಚ್ಛೇದನದ ಕಾಗದ ಕೇಳಿದ ದಿನ ಮೂರೂ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಪರವಾನಗಿಗಾಗಿ ಸುಳ್ಳು ಮಾಹಿತಿ ಕೊಡುವುದು ಅಪರಾಧ; ಸತ್ಯದಿಂದ ಹೋಗಬಹುದಾಗಿದ್ದ ಪರವಾನಗಿಗಿಂತ ಹೆಚ್ಚಿನದನ್ನು ಸುಳ್ಳು ಕಳೆಯುತ್ತದೆ. ಒಂದು ಹಾಳೆಯಲ್ಲಿ "ಇಂಥ ದಿನದಿಂದ ನಾವು ಬೇರೆಯಾಗಿ ಬದುಕುತ್ತಿದ್ದೇವೆ" ಎಂದು ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಸಿಟ್ಟಿನಲ್ಲಿರುವಾಗ ಇದು ಹಿಮಾಲಯ ಹತ್ತಿದಷ್ಟು ಕಷ್ಟ, ಗೊತ್ತು. ಮುಚ್ಚಿಡುವ ಯೋಚನೆಯಂತೂ ಬೇಡ. ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಲೇಬೇಕು, ನೋಂದಣಿ ಕಚೇರಿಯಿಂದ ವಿದೇಶಿಯರ ಕಚೇರಿಗೆ ಮಾಹಿತಿ ತಾನಾಗಿ ಹರಿಯುತ್ತದೆ.

ಹಣದ ವಿಷಯ. ಬೇರೆಯಾಗಿರುವ ಅವಧಿಯಲ್ಲಿ ಕಡಿಮೆ ಆದಾಯದವರಿಗೆ ಜೀವನಾಂಶದ ಹಕ್ಕಿದೆ. "ಮುಂದೆ ಏನೂ ಕೇಳುವುದಿಲ್ಲ" ಎಂದು ನಿಮ್ಮಿಂದ ಬರೆಸಿಕೊಂಡಿದ್ದರೂ ಈ ಅವಧಿಯ ಮಟ್ಟಿಗೆ ಆ ಬರಹಕ್ಕೆ ಬೆಲೆಯಿಲ್ಲ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸಂಗಾತಿಯ ಕುಟುಂಬ ವಿಮೆಯಡಿ ಇದ್ದವರು ತೀರ್ಪು ಅಂತಿಮವಾಗುವವರೆಗೆ ಅಲ್ಲೇ ಇರಬಹುದು, ಆಮೇಲೆ ಸ್ವಂತದ್ದು ಬೇಕು. ಮದುವೆಯ ಕಾಲದಲ್ಲಿ ಇಬ್ಬರೂ ಗಳಿಸಿದ ಪಿಂಚಣಿಯ ಹಕ್ಕುಗಳನ್ನು ನ್ಯಾಯಾಲಯವೇ ಹಂಚುತ್ತದೆ. ಮದುವೆ ಮೂರು ವರ್ಷಕ್ಕಿಂತ ಚಿಕ್ಕದಾಗಿದ್ದರೆ ನೀವಾಗಿ ಕೇಳಿದರೆ ಮಾತ್ರ. ವಿಚ್ಛೇದನದ ಅರ್ಜಿಗೆ ವಕೀಲರು ಕಡ್ಡಾಯ, ಸುಮ್ಮನೆ ಒಪ್ಪುವ ಇನ್ನೊಬ್ಬರಿಗೆ ಕಡ್ಡಾಯವಲ್ಲ.

ಯಾವ ದೇಶದ ನ್ಯಾಯಾಲಯ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಜಗಳ ಎಷ್ಟು ಆಳದ್ದು ಎಂಬುದರ ಮೇಲೆ ನಿಂತಿದೆ. ಇಬ್ಬರೂ ಭಾರತದ ಪೌರರೇ ಆದರೂ ಇಲ್ಲಿ ನೆಲೆಸಿದ್ದರೆ ಇಲ್ಲಿನ ಕುಟುಂಬ ನ್ಯಾಯಾಲಯಕ್ಕೆ ಹೋಗಬಹುದು, 2012ರ ಜೂನ್‌ನಿಂದ ಜಾರಿಯಲ್ಲಿರುವ, ಐರೋಪ್ಯ ಒಕ್ಕೂಟದ ಮೂರನೇ ರೋಮ್ ನಿಯಮಾವಳಿಯಂತೆ ಜರ್ಮನ್ ಕಾನೂನೇ ಅನ್ವಯಿಸುತ್ತದೆ. ತೊಡಕು ಊರಿನಲ್ಲಿ. 1991ರ ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ವಿದೇಶಿ ತೀರ್ಪು ಭಾರತದಲ್ಲಿ ನಿಲ್ಲಬೇಕಾದರೆ ಅದರ ಕಾರಣ ನಿಮ್ಮ ಮದುವೆಯ ಕಾನೂನಿನಲ್ಲಿ ಇರಬೇಕು, ಇಲ್ಲವೇ ಇಬ್ಬರೂ ಒಪ್ಪಿರಬೇಕು. 'ಮದುವೆ ಮುರಿದುಬಿದ್ದಿದೆ' ಎಂಬ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲ. ಒಬ್ಬರು ಎದುರಿಸಿದ ಜರ್ಮನ್ ತೀರ್ಪನ್ನು ಹಿಡಿದು ಊರಿನಲ್ಲಿ ಮರುಮದುವೆಯಾದರೆ ಇನ್ನೊಂದು ಮೊಕದ್ದಮೆ ಕಾದಿರಬಹುದು. ಒಪ್ಪಿಗೆ ಇದ್ದವರು ಭಾರತದಲ್ಲಿಯೇ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಹೋಗುವುದೂ ಒಂದು ದಾರಿ. ಒಂದು ವರ್ಷ ಬೇರೆಯಿದ್ದಿರಬೇಕು, ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಇಬ್ಬರೂ ಭಾರತದ ಪೌರರಾಗಿದ್ದರೆ ಆ ಭಾರತೀಯ ತೀರ್ಪಿಗೆ ಜರ್ಮನಿಯಲ್ಲಿ ಪ್ರತ್ಯೇಕ ಮಾನ್ಯತೆಯ ಪ್ರಕ್ರಿಯೆ ಬೇಕಿಲ್ಲ. ಒಬ್ಬರು ಜರ್ಮನ್ ಪೌರರಾಗಿದ್ದರೆ ಬೇಕು.

ಮಕ್ಕಳಿದ್ದರೆ ಪಾಲನೆಯ ಹೊಣೆ ವಿಚ್ಛೇದನದ ನಂತರವೂ ಸಾಮಾನ್ಯವಾಗಿ ಇಬ್ಬರದೂ. ಮಗು ಜರ್ಮನ್ ಪೌರನಾಗಿದ್ದು ನೀವು ಅದರ ಪಾಲನೆಯಲ್ಲಿದ್ದರೆ ಆ ಮಗುವಿನ ಆಧಾರದ ಮೇಲೆಯೇ ನಿಮಗೆ ಪರವಾನಗಿ ಸಿಗುತ್ತದೆ, ಮೂರು ವರ್ಷದ ಲೆಕ್ಕ ಬೇಡ. 2024ರ ಜೂನ್ 27ರಿಂದ ಇಲ್ಲಿ ಹುಟ್ಟುವ ಮಗುವಿಗೆ, ತಂದೆ ಅಥವಾ ತಾಯಿ ಐದು ವರ್ಷದಿಂದ ಸಕ್ರಮವಾಗಿ ನೆಲೆಸಿ ಕಾಯಂ ವಾಸದ ಹಕ್ಕು ಹೊಂದಿದ್ದರೆ, ಹುಟ್ಟಿನಿಂದಲೇ ಪೌರತ್ವ ಬರುತ್ತದೆ. ಎಷ್ಟೋ ತಾಯಂದಿರಿಗೆ ತಮ್ಮ ಮಗು ಜರ್ಮನ್ ಪ್ರಜೆ ಎಂಬುದೇ ಗೊತ್ತಿರುವುದಿಲ್ಲ. ಜನನಪತ್ರ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ. ಆದರೆ "ಮಗುವನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗಿಬಿಡುತ್ತೇನೆ" ಎಂಬುದು ಮಾತಿಗೆ ಸರಿ. ಇನ್ನೊಬ್ಬರ ಒಪ್ಪಿಗೆಯಿಲ್ಲದೆ ವಿಮಾನ ಹತ್ತಿದರೆ ಅದು ಅಪಹರಣದ ದೂರಾಗಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಒಮ್ಮೆ ಹೋದ ಮಗುವನ್ನು ಮರಳಿ ತರುವುದು ಕಷ್ಟವೆಂಬುದು ಇಲ್ಲಿನ ವಕೀಲರಿಗೆ ಚೆನ್ನಾಗಿ ಗೊತ್ತು.

ಇದರ ತಿರುಗುಮುರುಗಾದದ್ದೂ ಇದೆ. ಹೆಂಡತಿಯನ್ನು "ಹಬ್ಬ ಮುಗಿಸಿಕೊಂಡು ಬಾ" ಎಂದು ಊರಿಗೆ ಕಳುಹಿಸಿ, ಬೆನ್ನ ಹಿಂದೆಯೇ ಇಲ್ಲಿ ಬೇರೆಯಾಗಿದ್ದೇವೆಂದು ಬರೆದುಕೊಡುವ ಗಂಡಂದಿರು. ದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರವಾನಗಿ ತಾನಾಗಿ ಬಿದ್ದುಹೋಗುತ್ತದೆ. ಬ್ಲೂ ಕಾರ್ಡ್ ಕುಟುಂಬದವರಿಗೆ ಮಾತ್ರ ಹನ್ನೆರಡು ತಿಂಗಳು. ಸಂಸಾರ ಹಳಸಿದೆ ಎಂಬ ಸಂಶಯವಿದ್ದರೆ ಪಾಸ್‌ಪೋರ್ಟ್, ವಾಸದ ಕಾರ್ಡ್, ಮರಳುವ ಟಿಕೆಟ್ ಮೂರೂ ನಿಮ್ಮದೇ ಚೀಲದಲ್ಲಿರಲಿ, ಪ್ರತಿಯೊಂದರ ಚಿತ್ರ ನಿಮ್ಮದೇ ಮೊಬೈಲಿನಲ್ಲಿರಲಿ.

ಕಚೇರಿಗೆ ಹೋಗುವ ಮೊದಲು ವಕೀಲರ ಬಳಿ ಹೋಗಿ. ಆದಾಯ ಕಡಿಮೆಯಿದ್ದವರಿಗೆ ಊರಿನ ಆಮ್ಟ್ಸ್‌ಗೆರಿಖ್ಟ್, ಅಂದರೆ ಕೆಳ ನ್ಯಾಯಾಲಯ, 'ಬೆರಾಟುಂಗ್ಸ್‌ಹಿಲ್ಫೆ' ಚೀಟಿ ಕೊಡುತ್ತದೆ. ಅದನ್ನು ತೋರಿಸಿದರೆ ವಕೀಲರು 15 ಯೂರೋಗೆ ಸಲಹೆ ನೀಡುತ್ತಾರೆ. ಕಾರಿಟಾಸ್, ಡಿಯಾಕೋನಿಯಂಥ ಸಂಸ್ಥೆಗಳ ವಲಸಿಗರ ಸಲಹಾ ಕೇಂದ್ರಗಳು ಉಚಿತ. ಹೋಗುವಾಗ ವಾಸದ ಕಾರ್ಡಿನ ಎರಡೂ ಬದಿಯ ಪ್ರತಿ, ಇಲ್ಲಿಗೆ ಬಂದ ದಿನದ ಮುದ್ರೆಯಿರುವ ಪಾಸ್‌ಪೋರ್ಟ್ ಪುಟ, ವಿಳಾಸ ನೋಂದಣಿಯ ಪತ್ರಗಳು, ಮದುವೆಯ ಪ್ರಮಾಣಪತ್ರ ಇಷ್ಟಿದ್ದರೆ ಸಾಕು. ದುಭಾಷಿಯಾಗಿ ಗಂಡನ ಗೆಳೆಯನನ್ನಾಗಲಿ ತಂಗಿಯ ಮೈದುನನನ್ನಾಗಲಿ ಕರೆದುಕೊಂಡು ಹೋಗಬೇಡಿ. ಮತ್ತು ಯಾವಾಗಿನಿಂದ ಒಟ್ಟಿಗೆ ಇಲ್ಲ ಎಂದು ಕೇಳಿದಾಗ, ತಿಂಗಳು ಮತ್ತು ದಿನವನ್ನು ಮಾತ್ರ ಹೇಳಿ.