ಕಾಸಿಗೆ ಮಾರುವ ಮಿಕ್ಸ್‌ಟೇಪ್: ನಾನು ಮಾಡಿದ ಬಗೆ

ಕ್ಲಬ್‌ನಲ್ಲಿ ಒಂದು ಗಂಟೆ ಹಿಪ್‌ಹಾಪ್ ನುಡಿಸಿ ಜನರನ್ನು ಕುಣಿಸೋದು ಒಂದು ಕೆಲಸ. ಅದೇ ಒಂದು ಗಂಟೆಯನ್ನು ಹೆಸರು ಹಾಕಿ, ಕಾನೂನಿನ ಪ್ರಕಾರ ಮಾರೋದು ಬೇರೆಯೇ ಕೆಲಸ. ಬೆಂಗಳೂರಿನ ಕನ್ನಡ ರ‍್ಯಾಪರ್‌ಗಳನ್ನು ಸೇರಿಸಿ ನಾನು ಒಂದು ಮಿಕ್ಸ್‌ಟೇಪ್, ಅಂದರೆ ಡಿಜೆ ಹಲವರ ಹಾಡುಗಳನ್ನು ಒಂದಕ್ಕೊಂದು ಜೋಡಿಸಿ ಮಾಡುವ ಸಂಗ್ರಹ, ಬಿಡುಗಡೆ ಮಾಡಿದೆ. ಅದನ್ನು ಹೇಗೆ ಕಟ್ಟಿದೆ ಅಂತ ಕೇಳುವ ಹುಡುಗರು ಜಾಸ್ತಿ ಇದ್ದಾರೆ, ಅವರಿಗಾಗಿ ಇದು.

ನನ್ನ ಮುಂದಿದ್ದ ಮಾದರಿ ಫಂಕ್‌ಮಾಸ್ಟರ್ ಫ್ಲೆಕ್ಸ್. ನ್ಯೂಯಾರ್ಕಿನ ಹಾಟ್ 97 ರೇಡಿಯೋದ ಡಿಜೆ. 1995ರಲ್ಲಿ ಲೌಡ್ ರೆಕಾರ್ಡ್ಸ್ ಕಂಪನಿ ಫ್ಲೆಕ್ಸ್ ಅವರ ‘60 ಮಿನಿಟ್ಸ್ ಆಫ್ ಫಂಕ್’ ಸರಣಿಯ ಮೊದಲ ಭಾಗವನ್ನು ಅಂಗಡಿಗೆ ತಂದಿತು. ಅಲ್ಲಿಯವರೆಗೆ ಇಂಥ ಟೇಪ್‌ಗಳು ಹೆಚ್ಚಾಗಿ ಬೀದಿಬದಿಯಲ್ಲೇ, ಯಾರ ಅನುಮತಿಯೂ ಇಲ್ಲದೆ ಮಾರಾಟವಾಗುತ್ತಿದ್ದವು. ಫ್ಲೆಕ್ಸ್ ಹಳೆಯ ಹಿಟ್‌ಗಳ ನಡುವೆ ರ‍್ಯಾಪರ್‌ಗಳ ಫ್ರೀಸ್ಟೈಲ್‌ಗಳನ್ನೂ (ಹಾಡಿನ ಚೌಕಟ್ಟಿಲ್ಲದೆ ಬೀಟ್ ಮೇಲೆ ಬಿಡಿಯಾಗಿ ಹೇಳುವ ರ‍್ಯಾಪ್) ಇಟ್ಟರು. ಬೇರೆಲ್ಲೂ ಸಿಗದ ಆ ಸಾಲುಗಳಿಂದಲೇ ಅದು ಹಾಡುಗಳ ಸುಮ್ನೆ ಒಂದು ಗುಡ್ಡೆ ಆಗದೆ ಡಿಜೆಯ ಆಲ್ಬಂ ಆಯಿತು.

ಅನುಮತಿ ವಿಷಯ ಎಷ್ಟು ಗಂಭೀರ ಅಂತ ತಿಳಿಯಬೇಕಾದರೆ ಮಿಕ್ಸ್‌ಟೇಪ್‌ಗಳಿಗೇ ಹೆಸರಾದ ಅಮೆರಿಕದ ಡಿಜೆ ಡ್ರಾಮಾ ಕಥೆ ನೋಡಿ. 2007ರ ಜನವರಿಯಲ್ಲಿ, ಅನುಮತಿಯಿಲ್ಲದ ಮಿಕ್ಸ್‌ಟೇಪ್ ಮಾರಿದ ಆರೋಪದ ಮೇಲೆ, ಅಟ್ಲಾಂಟಾದ ಅವರ ಸ್ಟುಡಿಯೋ ಮೇಲೆ ಪೊಲೀಸ್ ದಾಳಿಯಾಯಿತು, ಅವರ ಬಂಧನವೂ ಆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರದ್ದೇ ಆಲ್ಬಂ ಅಟ್ಲಾಂಟಿಕ್ ಕಂಪನಿ ಮೂಲಕ ಅಧಿಕೃತವಾಗಿ ಬಂತು!

ಹಾಗಾಗಿ ನಾನು ರ‍್ಯಾಪರ್‌ಗಳನ್ನು ಮೊದಲು ಕೇಳಿದ ಪ್ರಶ್ನೆ: ‘ಬೀಟ್ ಯಾರದು ಗುರು?’ ದನಿ ಅವರದ್ದು, ಸಾಹಿತ್ಯ ಅವರದ್ದು. ಆದರೆ ಬೀಟ್, ಅಂದರೆ ರ‍್ಯಾಪಿನ ಹಿಂದಿನ ಸಂಗೀತ, ಎಷ್ಟೋ ಸಲ ಆನ್‌ಲೈನ್‌ನಲ್ಲಿ ಲೀಸ್‌ಗೆ ತಗೊಂಡದ್ದು. ಆ ಲೀಸ್ ಪತ್ರದಲ್ಲಿ ಇನ್ನೊಬ್ಬರು ಮಿಕ್ಸ್ ಮಾಡಬಹುದು ಅಂತ ಇರಲೇಬೇಕೆಂದಿಲ್ಲ. ಹಳೆಯ ಸಿನಿಮಾ ಹಾಡಿನ ತುಣುಕು ಇದ್ದರೆ ಇನ್ನೂ ಕಷ್ಟ. ರೆಕಾರ್ಡಿಂಗಿಗೆ ಒಂದು ಹಕ್ಕು, ಸಂಗೀತ–ಸಾಹಿತ್ಯಕ್ಕೆ ಇನ್ನೊಂದು. ಕೀಬೋರ್ಡಿನಲ್ಲಿ ಅದೇ ಟ್ಯೂನ್ ನುಡಿಸಿಕೊಂಡರೆ ಮೊದಲನೆಯದಕ್ಕೆ ಅನುಮತಿ ಬೇಡ, ಎರಡನೆಯದಕ್ಕೆ ಬೇಕೇ ಬೇಕು.

ಇದು ಮಿಕ್ಸಿನ ಆಕಾರವನ್ನೇ ಬದಲಿಸುತ್ತದೆ. ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಕೂರಿಸಿದ ಮೇಲೆ ಒಬ್ಬರು ಒಪ್ಪದಿದ್ದರೆ ಎರಡೂ ಕಡೆಯ ಜೋಡಣೆ ಹಾಳು. ಅದಕ್ಕೆ ಹಾಡು ಹಾಡಿನ ನಡುವೆ ನನ್ನದೇ ಡ್ರಮ್, ನನ್ನದೇ ಸ್ಕ್ರ್ಯಾಚ್ (ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ಬರಿಸುವ ಶಬ್ದ) ಇರುವ ಎಂಟು ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಸುತ್ತು) ಸೇತುವೆ ಹಾಕಿದೆ. ಯಾವ ಹಾಡು ಬಿದ್ದುಹೋದರೂ ಸೇತುವೆ ನನ್ನದು, ಮುಂದಿನದಕ್ಕೆ ಹೊಂದಿಸಿಕೊಳ್ಳಬಹುದು.

ಒಂದು ಸೇತುವೆ ಹೀಗಿದೆ. ಮೊದಲ ಹಾಡು 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು), ಮುಂದಿನದು 95. ಟರ್ನ್‌ಟೇಬಲ್ ಪಿಚ್, ಅಂದರೆ ರೆಕಾರ್ಡ್ ತಿರುಗುವ ವೇಗ, ಏರಿಸಿ ಹೊಂದಿಸಬಹುದು, ಆದರೆ ವೇಗ ಶೇಕಡಾ 6ರಷ್ಟು ಏರಿದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತದೆ, ರ‍್ಯಾಪರ್ ದನಿ ಕೀರಲಾಗುತ್ತದೆ. ವೇಗ ಬದಲಾದರೂ ಶ್ರುತಿ ಹಿಡಿದಿಡುವ ಕೀ ಲಾಕ್ ಹಾಕಿದರೆ ಶ್ರುತಿ ಇದ್ದಲ್ಲೇ ನಿಲ್ಲುತ್ತದೆ, ಆದರೆ ಡ್ರಮ್ಮಿನ ಪೆಟ್ಟು ಮೆತ್ತಗಾಗುತ್ತದೆ. ನಾನು ದನಿಯನ್ನು ಮುಟ್ಟಲಿಲ್ಲ. ಹಾಡು ಮುಗಿಯುತ್ತಿದ್ದಂತೆ ಅದರ ಬೇಸ್ ತೆಗೆದು, ನನ್ನ ಡ್ರಮ್ಮನ್ನು 90ರಲ್ಲಿ ಶುರುಮಾಡಿ ಎಂಟು ಬಾರ್‌ಗಳಲ್ಲಿ ಮೆಲ್ಲಗೆ 95ಕ್ಕೆ ಏರಿಸಿದೆ. ಅದರ ಮೇಲೆ ಮುಂದಿನ ರ‍್ಯಾಪರ್‌ನ ‘ಕೇಳು’ ಅನ್ನೋ ಒಂದೇ ಮಾತನ್ನು ಸ್ಕ್ರ್ಯಾಚ್ ಮಾಡಿದೆ. ಸ್ಕ್ರ್ಯಾಚಿಗೆ ಕ, ಚ, ಟ, ತ ಅಕ್ಷರದಿಂದ ಶುರುವಾಗುವ ಮಾತು ಹುಡುಕಿ. ಕ್ರಾಸ್‌ಫೇಡರ್ (ಶಬ್ದವನ್ನು ತೆರೆದು ಮುಚ್ಚುವ ಮಿಕ್ಸರ್ ಜಾರುಗುಂಡಿ) ತೆರೆದ ಕೂಡಲೇ ಟಕ್ ಅಂತ ಕೇಳಿಸುತ್ತದೆ. ‘ಅಮ್ಮ’, ‘ಊರು’ ಥರದವು ಎಳೆದಂತೆ ಬರುತ್ತವೆ.

ಇಡೀ ಗಂಟೆಯನ್ನು ಒಂದೇ ಟ್ರ್ಯಾಕ್ ಆಗಿ ಬಿಡಲಿಲ್ಲ. ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕನ್ನು 30 ಸೆಕೆಂಡ್ ಕೇಳಿದರೆ ದುಡ್ಡಿನ ಲೆಕ್ಕಕ್ಕೆ ಒಂದು ಸ್ಟ್ರೀಮ್, ಪೂರ್ತಿ ಗಂಟೆ ಕೇಳಿದರೂ ಒಂದೇ. ಹಾಗೆ ಬಿಟ್ಟರೆ ರ‍್ಯಾಪರ್‌ಗಳಿಗೆ ಏನು ಸಿಗುತ್ತದೆ? ಆದ್ದರಿಂದ ಹಾಡು ಹಾಡಾಗಿ ಕತ್ತರಿಸಿದೆ. ಸೇತುವೆಯನ್ನು ಹಿಂದಿನ ಹಾಡಿನ ಕೊನೆಗೆ ಸೇರಿಸಿದೆ. ಬಾರಿನ ಮೊದಲ ಕಿಕ್‌ಗಿಂತ (ದೊಡ್ಡ ಡ್ರಮ್ಮಿನ ಪೆಟ್ಟು) ಕೂದಲೆಳೆ ಮುಂಚೆ ಕತ್ತರಿ. ಸಿಡಿಗೂ ಮಾಡುವವರು ಟ್ರ್ಯಾಕಿನ ಉದ್ದ 588 ಸ್ಯಾಂಪಲ್‌ಗಳ (ಡಿಜಿಟಲ್ ಶಬ್ದದ ಅತಿ ಸಣ್ಣ ತುಣುಕುಗಳು) ತುಂಡುಗಳಾಗಿ ಪೂರ್ತಿ ಭಾಗವಾಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಜೋಡಣೆಯಲ್ಲಿ ಚಿಟ್ ಅನ್ನೋ ಶಬ್ದ ಬರಬಹುದು.

ದುಡ್ಡಿನಲ್ಲಿ ಯಾರಿಗೆಷ್ಟು ಅಂತ ಬರೆದ ಪಾಲಿನ ಹಾಳೆಗೆ ಎಲ್ಲರ ಸಹಿಯನ್ನು, ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚಿನ ಕೊನೆಯ ಶಬ್ದ ಹದ) ಮುಂಚೆಯೇ ತಗೊಂಡೆ. ಹಾಡಿನ ದುಡ್ಡು ರ‍್ಯಾಪರ್ ಮತ್ತು ಬೀಟ್ ಮಾಡಿದವರಿಗೆ ಹೋಗುತ್ತದೆ. ಮಿಕ್ಸಿಗೂ ಸೇತುವೆಗೂ ಒಪ್ಪಿಕೊಂಡ ಸಣ್ಣ ಪಾಲು ನನಗೆ. ಎರಡನೇ ಭಾಗಕ್ಕೆ ಈಗ ಹೊಸ ವರ್ಸ್‌ಗಳು ಬರುತ್ತಿವೆ. ಸಹಿ ಆದವರದ್ದನ್ನು ಮಾತ್ರ ಜೋಡಿಸೋಕೆ ಕೂರುತ್ತಿದ್ದೇನೆ.